ರಾತ್ರಿ ನಿಲ್ಸಿದ್ ಲಾರಿ ಬೆಳಿಗ್ಗೆ ಎಡಗಡೆ ವಾಲಿರತ್ತೆ, ಬಲೂನ್ ಹೊಸದು ಹಾಕಿದ್ರೂ ಅದೇ ಕಥೆ

ಹೊಸನಗರದವ:
ನಮಸ್ಕಾರ ಎಲ್ರಿಗೂ. ಹಿಂದಿನ ಚಕ್ರಕ್ಕೆ ಏರ್ ಸಸ್ಪೆನ್ಷನ್ (ಪಟ್ಟಿ ಬದ್ಲು ಗಾಳಿ ತುಂಬಿದ್ ರಬ್ಬರ್ ಬಲೂನ್) ಇರೋ ಲಾರಿ, ಮಂಗಳೂರಿಂದ ಗೊಬ್ಬರ ಹೇರ್ಕೊಂಡು ಹುಲಿಕಲ್ ಘಾಟಿ ಹತ್ತಿ ಶಿವಮೊಗ್ಗಕ್ಕೆ ಬರೋದು ನಮ್ ಕೆಲ್ಸ. ಒಂದು ತಿಂಗ್ಳಿಂದ ರಾತ್ರಿ ನಿಲ್ಸಿದ್ರೆ ಬೆಳಿಗ್ಗೆ ಎಡಗಡೆ ಕೂತಿರತ್ತೆ, ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ರೆ ಎದ್ದು ನಿಲ್ಲತ್ತೆ. ಗ್ಯಾರೇಜಲ್ಲಿ ಬಲೂನ್ ಹೋಗಿದೆ ಅಂದ್ರು, ಹಾಕ್ಸಿದೆ, ದುಡ್ಡು ಹೋಯ್ತು ವಾಲೋದು ಮಾತ್ರ ಹೋಗ್ಲಿಲ್ಲ. ಸೋಪ್ ನೀರು ಹಾಕಿ ನೋಡ್ದೆ, ಬಲೂನು ಪೈಪು ಎಲ್ಲೂ ಗುಳ್ಳೆ ಇಲ್ಲ. ಎಂತ ಮಾಡೋದು ಮಾರಾಯ್ರೆ?

ಸಾಗರ ರೋಡ್:
ಎಡಗಡೆ ಲಿಂಕ್ ರಾಡ್ (ಆಕ್ಸಲ್‌ನಿಂದ ಬಲೂನಿನ ಗಾಳಿ ವಾಲ್ವ್ ಲಿವರ್‌ಗೆ ಹೋಗೋ ಕಡ್ಡಿ) ಸ್ವಲ್ಪ ಉದ್ದ ಮಾಡಿ ಎತ್ತರಿಸಿ, ಎಷ್ಟೋ ಜನ ಹಂಗೇ ಓಡಿಸ್ತಾರೆ.

ಮಲ್ನಾಡ್ ಗ್ಯಾರೇಜ್:
ಅದು ಮಾತ್ರ ಬೇಡ ಅಣ್ಣ. ರೈಡ್ ಹೈಟ್ ಬದ್ಲಾದ್ರೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸಿಂದ ಹಿಂದಿನ ಆಕ್ಸಲ್‌ಗೆ ಹೋಗೋ ತಿರುಗೋ ರಾಡ್) ಆಂಗಲ್ ಬದ್ಲಾಗಿ ಆಮೇಲೆ ಅಲ್ಲಾಡೋಕೆ ಶುರು ಮಾಡತ್ತೆ, ಒಂದು ರಿಪೇರಿ ಮಾಡೋಕ್ ಹೋಗಿ ಇನ್ನೊಂದು ಹಚ್ಕೊಂಡಂಗೆ.

ಹೊಸನಗರದವ್ರೆ, ನಿಮ್ ಲಾರಿಲಿ ಲೆವೆಲಿಂಗ್ ವಾಲ್ವ್ (ಎತ್ತರ ನೋಡ್ಕೊಂಡು ಬಲೂನಿಗೆ ಗಾಳಿ ತುಂಬೋ, ಬಿಡೋ ವಾಲ್ವ್) ಎಷ್ಟಿದೆ ಅಂತ ಮೊದ್ಲು ನೋಡಿ. ಒಂದೇ ಇದ್ರೆ ಎರಡೂ ಕಡೆ ಬಲೂನಿಗೆ ಅದೇ ಗಾಳಿ, ಲೀಕ್ ಆದ್ರೆ ಎರಡೂ ಕಡೆ ಇಳಿಯತ್ತೆ, ಬರೀ ಒಂದು ಕಡೆ ವಾಲ್ತಿದ್ರೆ ಬುಷ್, ಬ್ರಾಕೆಟ್ ಕಡೆ ಹುಡುಕ್ಬೇಕು. ಎರಡು ವಾಲ್ವ್ ಇದ್ರೆ ಆಗ ಎಡಗಡೆ ವಾಲ್ವ್ ಮೇಲೆ ನಂಗೆ ಅನುಮಾನ. ಅದ್ರ ಎಕ್ಸಾಸ್ಟ್ ತೂತು (ಬಲೂನಿನ ಗಾಳಿ ಹೊರಗೆ ಹೋಗೋದು) ಕೆಳಗಡೆ ಮುಖ ಮಾಡಿರತ್ತೆ, ಅಲ್ಲಿ ಸೋಪ್ ನೀರು ಯಾರೂ ಹಾಕಲ್ಲ, ಹಾಕಿದ್ರೂ ಜಾರಿ ಹೋಗತ್ತೆ.

ಚಕ್ರಕ್ಕೆ ಅಡೆ ಕೊಟ್ಟು, ಚಾಸಿ ಕೆಳಗೆ ಸ್ಟ್ಯಾಂಡ್ ಇಟ್ಟು (ಬರೀ ಜಾಕಿ ನಂಬಿ ಒಳಗೆ ನುಗ್ಬೇಡಿ, ಗಾಳಿ ಇಳಿದ್ರೆ ಚಾಸಿ ತಲೆ ಮೇಲೆ ಬರತ್ತೆ) ಟ್ಯಾಂಕ್ ತುಂಬ ಗಾಳಿ ಮಾಡಿ ಇಂಜಿನ್ ಆಫ್ ಮಾಡಿ, ಎಡಗಡೆ ಲಿಂಕ್ ರಾಡ್ ಬಿಚ್ಚಿ. ಲಿವರ್ ಕೈಯಲ್ಲಿ ಮೇಲೆ ಎತ್ತಿದ್ರೆ ಬಲೂನ್ ತುಂಬ್ಬೇಕು, ಕೆಳಗೆ ಒತ್ತಿದ್ರೆ ಖಾಲಿ ಆಗ್ಬೇಕು, ಕೆಲವು ವಾಲ್ವ್ ಸ್ವಲ್ಪ ಲೇಟಾಗಿ ಕೆಲ್ಸ ಮಾಡತ್ತೆ ಹಂಗಾಗಿ ಕೆಲ ಸೆಕೆಂಡ್ ಹಿಡ್ಕೊಂಡಿರಿ. ಮಧ್ಯದಲ್ಲಿ ಇಟ್ಟಾಗ ಎಕ್ಸಾಸ್ಟ್‌ನಿಂದ ಸುಯ್ ಅಂತ ಬರ್ತಾನೇ ಇದ್ರೆ ವಾಲ್ವ್ ಹೋಗಿದೆ. ಆಗ ಡ್ಯಾಶ್‌ಬೋರ್ಡಲ್ಲಿ ಬ್ರೇಕ್ ಗಾಳಿ ಮುಳ್ಳು ಇಳಿಯತ್ತಾ ಅಂತಾನೂ ನೋಡಿ, ಪ್ರೊಟೆಕ್ಷನ್ ವಾಲ್ವ್ (ಬ್ರೇಕ್ ಗಾಳಿ ಪೂರ್ತಿ ಬಲೂನ್ ಕಡೆ ಹೋಗ್ದಂಗೆ ತಡೆಯೋದು) ಸರಿ ಇದ್ರೆ ಬಲೂನ್ ಪೂರ್ತಿ ಖಾಲಿ ಆದ್ರೂ ಬ್ರೇಕ್ ಗಾಳಿ ಒಂದು ಮಟ್ಟಕ್ಕೆ ಉಳೀಬೇಕು, ಅದೂ ಸೊನ್ನೆಗೆ ಹೋದ್ರೆ ಲಾರಿ ಘಾಟಿಗೆ ಇಳಿಸಲೇಬೇಡಿ.

ಹೊಸನಗರದವ:
ಎರಡು ವಾಲ್ವ್ ಇದೆ ಸರ್. ಇವತ್ತು ನೋಡ್ದೆ, ಎಡಗಡೇದು ಮಧ್ಯದಲ್ಲಿ ಇಟ್ಟಾಗ್ಲೂ ಸುಯ್ ಅಂತಿದೆ, ಬಲಗಡೇದು ಸುಮ್ನಿದೆ. ಬ್ರೇಕ್ ಮುಳ್ಳು ಸ್ವಲ್ಪ ಇಳಿದು ನಿಂತ್ಕೊಂತು.

ಮಲ್ನಾಡ್ ಗ್ಯಾರೇಜ್:
ಸಿಕ್ತು ಬಿಡಿ. ಬಿಚ್ಚೋ ಮುಂಚೆ ಆ ಕಡೆ ಬಲೂನಿನ ಗಾಳಿ, ಟ್ಯಾಂಕ್ ಗಾಳಿ ಎರಡೂ ಪೂರ್ತಿ ಖಾಲಿ ಮಾಡಿ. ಟ್ಯಾಂಕ್ ಡ್ರೈನ್ ತೆಗೆದಾಗ ಏನ್ ಬರತ್ತೆ ನೋಡಿ ಹೇಳಿ.

ಹೊಸನಗರದವ:
ಮಜ್ಜಿಗೆ ತರ ಬಿಳಿ ನೀರು, ಅದ್ರಲ್ಲಿ ಎಣ್ಣೆ!

ಮಲ್ನಾಡ್ ಗ್ಯಾರೇಜ್:
ಅಂದ್ರೆ ಏರ್ ಡ್ರೈಯರ್ ಕಾರ್ಟ್ರಿಜ್ (ಗಾಳಿಲಿರೋ ನೀರು ಹೀರೋ ಡಬ್ಬಿ) ಮುಗ್ದಿದೆ, ಆ ನೀರೆಣ್ಣೆ ವಾಲ್ವ್ ಒಳಗೆ ಹೋಗಿ ಅದ್ರ ಸೀಟ್ (ಗಾಳಿ ಮುಚ್ಚೋ ಬಾಯಿ) ಸರಿಯಾಗಿ ಮುಚ್ತಿಲ್ಲ. ಬರೀ ವಾಲ್ವ್ ಹಾಕಿದ್ರೆ ಹೊಸದೂ ಹಿಂಗೇ ಕೆಡತ್ತೆ, ಎರಡೂ ಒಟ್ಟಿಗೆ ಹಾಕ್ಸಿ. ಎಣ್ಣೆ ಮತ್ತೆ ಬಂದ್ರೆ ಕಂಪ್ರೆಸರ್ ನೋಡ್ಬೇಕು. ನಮ್ ಮಲ್ನಾಡಲ್ಲಿ ಮಳೆಗಾಲ ಬಂತಂದ್ರೆ ಗಾಳಿನೂ ಒದ್ದೆ, ನಾನಂತೂ ಜೂನ್‌ಗೆ ಮುಂಚೆ ಕಾರ್ಟ್ರಿಜ್ ಬದ್ಲಾಯಿಸಿ ಬಿಡ್ತೀನಿ.

ಹೊಸನಗರದವ:
ಎರಡೂ ಹಾಕ್ಸಿದೆ. ಹಳೇ ವಾಲ್ವ್ ಒಳಗೆ ಕಪ್ಪು ಗ್ರೀಸ್ ತರ ಕೆಸರು. ಮೂರು ರಾತ್ರಿ ನಿಲ್ಸಿದೀನಿ, ಬೆಳಿಗ್ಗೆ ಟೇಪ್ ಹಿಡಿದು ಅಳೆದ್ರೆ ಎರಡೂ ಕಡೆ ಒಂದೇ. ಬಿಚ್ಚಿದ್ ಹಳೇ ಬಲೂನ್ ತಿರುಗಿಸಿ ನೋಡ್ದೆ, ಮಡಿಕೆ ಹತ್ರ ಒಂದು ಬಿರುಕೂ ಇಲ್ಲ, ಸ್ಪೇರ್‌ಗೆ ಇಟ್ಕೊಂಡ್ರೆ ಆಗತ್ತಾ?

ಮಲ್ನಾಡ್ ಗ್ಯಾರೇಜ್:
ಆಗತ್ತೆ. ಡೀಸೆಲ್, ಗ್ರೀಸ್ ತಾಗಿಸ್ದೆ ಬಿಸಿಲು ಬೀಳದ ಕಡೆ ಇಡಿ, ಹೆಗ್ಗಣ ಕಡಿದೆ ಇರೋ ಹಂಗೆ.