ಎಡಿಎಚ್‌ಡಿ ಇರೋ ತಮ್ಮನ ತಬಲಾ ರಿಯಾಜಿಗೆ (ಅಭ್ಯಾಸಕ್ಕ) ಖೋಲಿ ಹ್ಯಾಂಗ ಹೊಂದಸ್ಬೇಕು? (ಕಲಬುರಗಿ, ಬಾಡಿಗಿ ಮನಿ)

ಫರ್ಸಿ_ಮನಿ:
ನಮಸ್ಕಾರ್ರಿ. ತಮ್ಮಗ ಹದಿನೇಳು ವರ್ಷ, ತಬಲಾ ಕಲೀತಾನ. ಎಡಿಎಚ್‌ಡಿ (ಗಮನ ಒಂದ್ಕಡಿ ನಿಲ್ಲದ, ಚಡಪಡಿಸೂ ತೊಂದ್ರಿ) ಅದ ಅಂತ ಡಾಕ್ಟರ್ ಹೇಳ್ಯಾರ, ಔಷಧ ನಡದದ, ಅದರ ಮಾತು ಇಲ್ಲಿ ಬ್ಯಾಡ. ಖೋಲಿ 10×12 ಅಡಿ. ಕೆಳಗ ಶಹಾಬಾದ್ ಫರ್ಸಿ, ಮ್ಯಾಲ ಸ್ಲ್ಯಾಬ್, ರಸ್ತೆ ಕಡಿ ಒಂದು ಕಿಡಕಿ. ಬಾರಿಸಿದ್ರ ಖೋಲಿ ತುಂಬಾ ಗುಂಯ್ ಅಂತದ. ಒಳಗ ಹೋದಾಂವ ಅರ್ಧ ತಾಸು ಸುತ್ತಿಗಿ ಹಿಡ್ಕೊಂಡು ಸುರ ಕೂಡಸೂದ್ರಾಗ, ಮೊಬೈಲ್ ತಿರುವೂದ್ರಾಗ ಕಳದು ಎದ್ದು ಬರ್ತಾನ. ಗೋಡಿಗೆ ಮೊಳಿ ಹೊಡೀಲಾಕ ಮಾಲೀಕರು ಬಿಡಂಗಿಲ್ಲ. ತತ್ತಿ ಟ್ರೇ ಅಂಟಸ್ಲೇನು?

ಡಗ್ಗಾ_ಧಿನ್:
ತತ್ತಿ ಟ್ರೇ ಬ್ಯಾಡ್ರಿ. ಹೊರಗಿನ ಸದ್ದು ತಡೀಲಾಕ ತೂಕ ಬೇಕು, ಸಂದಿ ಮುಚ್ಚಬೇಕು. ಟ್ರೇಕ್ಕ ಎರಡೂ ಇಲ್ಲ. ಧೂಳು ಹಿಡೀತದ, ಬೆಂಕಿ ಬೇಗ ಹತ್ತತದ.

ನಿಮ್ಮದು ಫರ್ಸಿ, ಸ್ಲ್ಯಾಬು, ಬೋಳು ಗೋಡಿ ನಡುವ ಸದ್ದು ಹೊಯ್ದಾಡೂ ತೊಂದ್ರಿ. ಖೋಲಿ ನಡುವ ನಿಂತು ಒಂದು ಚಪ್ಪಾಳಿ ಹೊಡೀರಿ, ಟರ್‌ರ್ ಅಂತ ಬಾಲ ಬಂದ್ರ ಅದೇ. ಜಮಖಾನಿ ಹಾಸಿ ಅದರ ಮ್ಯಾಲ ಒಂದು ಕೌದಿ ಹಾಕ್ರಿ. ಇನ್ನೆರಡು ಕೌದಿ ಬಟ್ಟಿ ಒಣಗಸೂ ಸ್ಟ್ಯಾಂಡಿಗೆ ತೂಗಿ, ಎದುರಿನ ಗೋಡಿಯಿಂದ ನಾಕು ಇಂಚು ಬಿಟ್ಟು ನಿಲ್ಲಸ್ರಿ. ಗೋಡಿಗೆ ಒತ್ತಿದ್ರ ಅರ್ಧ ಕೆಲಸ ಹೋಯ್ತು. ಹಳೀ ಸೀರಿ ನಾಕೈದು ಪದರ ಹಾಕಿ ಹೊಲದ ಕೌದಿ ಇರಲಿ, ತೆಳ್ಳನ ಬೆಡ್‌ಶೀಟಿಂದ ಏನೂ ಆಗಲ್ಲ. ಮೂಲ್ಯಾಗ ಕೂಡಸಬ್ಯಾಡ್ರಿ, ಡಗ್ಗಾ (ಎಡಗೈಲೆ ಬಾರಿಸೂ ದೊಡ್ಡದು) ಅಲ್ಲಿ ಉಬ್ಬಿ ಕೇಳಸ್ತದ.

ಕೂಲರ್ ಮರೀಬ್ಯಾಡ್ರಿ. ಏಪ್ರಿಲ್-ಮೇದಾಗ ಇಲ್ಲಿ 40 ಡಿಗ್ರಿ ದಾಟತದ. ಒಣ ಬಿಸಿಗೆ ತೊಗಲು ಬಿಗದು ಸುರ ಏರ್ತದ, ಕೂಲರಿನ ಹಸಿ ಗಾಳಿಗೆ ಸಡ್ಲಾಗಿ ಇಳೀತದ. ಹುಡುಗ ಸುತ್ತಿಗಿ ಬಿಡದಿರ್ಲಾಕ ಇದೂ ಒಂದು ಕಾರಣ ಇರಬಹುದು. ಮೊದಲ ಅರ್ಧ ತಾಸು ಕೂಲರ್ ಹಚ್ಚಿ ಖೋಲಿ ತಂಪು ಮಾಡಿ ಬಂದ್ ಮಾಡ್ರಿ, ಆಮ್ಯಾಲ ಫ್ಯಾನ್ ಅಷ್ಟೇ. ಮುಂಜಾನಿ ಆರಕ್ಕ ಕೂತ್ರ ಈ ತಂಟೇನೇ ಇಲ್ಲ.

ಏಕತಾಲ:
ಸದ್ದಿನದು ಸರಿ, ಆದರೆ ಅಸಲು ಸಮಸ್ಯೆ ಶುರು ಮಾಡುವುದರಲ್ಲಿದೆ. ಖೋಲಿಗೆ ಕಾಲಿಟ್ಟಲ್ಲಿಂದ ಮೊದಲ ಪೆಟ್ಟು 'ಧಾ' ತನಕ ಎಷ್ಟು ಕೆಲಸ ಇವೆ ಎಣಿಸಿ: ಗವಸು ಬಿಚ್ಚು, ಸಿಂಬಿ (ತಬಲಾ ಕೂರಿಸುವ ಬಟ್ಟೆಯ ಬಳೆ) ಹುಡುಕು, ಸುತ್ತಿಗೆ ಹುಡುಕು, ಮೊಬೈಲ್ ತೆಗೆ, ಆ್ಯಪ್ ತೆರೆ. ಎಡಿಎಚ್‌ಡಿ ಇದ್ದವರು ಪ್ರತಿ ಮೆಟ್ಟಿಲಲ್ಲೂ ಜಾರಬಹುದು. ಎರಡಕ್ಕೆ ಇಳಿಸಿ: ಬಟ್ಟೆ ಸರಿಸು, ತಂಬೂರಿ ಹಚ್ಚು.

ಸಿಂಬಿಗಳ ಜಾಗಕ್ಕೆ ನೆಲದ ಮೇಲೆ ಬಣ್ಣದ ಟೇಪಿನ ಗುರುತು ಹಾಕಿ, ತಬಲಾ ಅಲ್ಲೇ ಇರಲಿ. ತಂಬೂರಿಗೆ ಎಲೆಕ್ಟ್ರಾನಿಕ್ ಡಬ್ಬಿ ಒಳ್ಳೆಯದು. ಇಲ್ಲದಿದ್ದರೆ ಸಿಮ್ ತೆಗೆದ, ವೈಫೈ ಬಂದ್ ಇರುವ ಹಳೆ ಫೋನು, ತಂಬೂರಿ ಆ್ಯಪ್ ಕಾಳಿ ಒಂದಕ್ಕೆ (C# ಶ್ರುತಿ) ಹೊಂದಿಸಿಯೇ ಇರಲಿ. ದಿನದ ಫೋನು ಹೊರಗೇ.

ಸುರ ಕೂಡಿಸಲು ಎರಡು ನಿಮಿಷ, ಅಷ್ಟೇ. ಆಮೇಲೂ ಕೂದಲೆಳೆ ವ್ಯತ್ಯಾಸ ಉಳಿದರೆ ತಂಬೂರಿಯನ್ನೇ ತಬಲಾದ ಕಡೆ ಸರಿಸಿ. ಸೂಕ್ಷ್ಮವಾಗಿ ಏರಿಳಿಸುವ ಸವಲತ್ತು ಡಬ್ಬಿಯಲ್ಲೂ ಆ್ಯಪಿನಲ್ಲೂ ಇರುತ್ತದೆ. ಸಂಗೀತ ಕಚೇರಿಗೆ ಇದು ನಡೆಯದು, ದಿನದ ರಿಯಾಜಿಗೆ ಸಾಕು.

ಎದುರಿಗೆ ಸಣ್ಣ ಬಿಳಿ ಬೋರ್ಡು, ಅದರಲ್ಲಿ ಒಂದೇ ಸಾಲು: 'ತೀನ್‌ತಾಲ್ ಕಾಯ್ದಾ, ಲಯ 70, ಪಲ್ಟಾ 1ರಿಂದ 4' (ಅಂದರೆ ಆ ತಾಳದ ಒಂದು ಪಾಠ, ನಿಮಿಷಕ್ಕೆ 70 ಮಾತ್ರೆ ವೇಗ, ಪಾಠದ ಮೊದಲ ನಾಲ್ಕು ಬದಲಾವಣೆ). ಹಿಂದಿನ ರಾತ್ರಿಯೇ ಬರೆದಿರಬೇಕು. ಟಿಕ್ ಟಿಕ್ ಅನ್ನುವ ಕೀಲಿ ಟೈಮರ್ ಮಾತ್ರ ತರಬೇಡಿ, ಅದರ ಲಯವೇ ಬೇರೆ, ಕೈಯ ಲಯವೇ ಬೇರೆ ಆಗುತ್ತದೆ. ಮರಳು ಗಡಿಯಾರ ಅಥವಾ ಮುಳ್ಳು ಸದ್ದಿಲ್ಲದೆ ಸರಿಯುವ ಗೋಡೆ ಗಡಿಯಾರ ಮೇಜಿನ ಮೇಲಿಡಿ. ಹತ್ತು-ಹನ್ನೆರಡು ನಿಮಿಷ ಬಾರಿಸು, ಮೂರು ನಿಮಿಷ ಎದ್ದು ಓಡಾಡು. ಕೆಲವು ದಿನ ಉಲ್ಟಾ ಆಗುತ್ತದೆ: ಮುಳುಗಿದವರು ಏಳುವುದೇ ಇಲ್ಲ, ಮಣಿಕಟ್ಟು ನೋಯುತ್ತದೆ. ಐವತ್ತು ನಿಮಿಷಕ್ಕೆ ಒಂದು ಗಟ್ಟಿ ಅಲಾರಂ ಇರಲಿ.

ರೇಲಾ_ರೀ:
ಏಕತಾಲ ಸರ್ ಮಾತಿಗೆ ಒಂದು ತಿದ್ದುಪಡಿ. ತಬಲಾ ಕಣ್ಣಿಗೆ ಬೀಳಬೇಕು ಖರೆ, ಆದ್ರ ಅದೊಂದೇ. ಅದೇ ಖೋಲ್ಯಾಗ ಹಾರ್ಮೋನಿಯಂ, ಸಾಲಿ ಪುಸ್ತಕ, ಕ್ರಿಕೆಟ್ ಬ್ಯಾಟು ಇದ್ರ ಕೈ ಅತ್ಲಾಗ ಹೋಗ್ತದ. ಉಳದದ್ದೆಲ್ಲಾ ಪರದೆ ಹಿಂದ ಸರಸ್ರಿ.

ಒಬ್ಬನೇ ಕೂಡಂಗಿಲ್ಲ ಅಂದ್ರ ಯಾರಾರ ಸುಮ್ಮ ಹತ್ತಿರ ಕೂಡ್ರಿ. ಅವ್ವಾರು ಮೊರದಾಗ ಜ್ವಾಳ ಹಸನ ಮಾಡ್ಕೋತ ಕೂತ್ರೂ ನಡೀತದ. ತಪ್ಪು ತಿದ್ದೂದು, ನಡುವ ಚಹಾಕ್ಕ ಕರೆಯೂದು ಬ್ಯಾಡ. ಒಮ್ಮೆ ಎದ್ದ ಅಂದ್ರ ತಿರುಗಿ ಕೂಡೂದು ಕಠಿಣ. ಮತ್ತ, ಕೆಲವು ವಾರಕ್ಕ ಆ ಬೋರ್ಡು ಗೋಡಿ ಇದ್ದಂಗ ಆಗ್ತದ, ಕಣ್ಣಿಗೆ ಹತ್ತಂಗಿಲ್ಲ. ಆಗ ಬೋರ್ಡಿನ ಜಾಗ, ಪೆನ್ನಿನ ಬಣ್ಣ ಬದಲಸ್ರಿ. ತಬಲಾದ ಜಾಗ ಬದಲಸಬ್ಯಾಡ್ರಿ.

ಫರ್ಸಿ_ಮನಿ:
ಕೌದಿ ಮನ್ಯಾಗೇ ಅವ. ಇನ್ನೊಂದು ಪ್ರಶ್ನೆ: ಡಗ್ಗಾ ಬಾರಿಸಿದಾಗೆಲ್ಲಾ ಎಲ್ಲೋ ಝರ್ ಅಂತದ, ಅದು ಕೇಳಿ ಕೈ ನಿಲ್ಲಸ್ತಾನ.

ಡಗ್ಗಾ_ಧಿನ್:
ಅವ 'ಘೇ ಘೇ' ಅಂತ ಒಂದೇ ಸಮ ಬಾರಸ್ಲಿ, ನೀವು ಒಂದೊಂದೇ ಸಾಮಾನು ಅಂಗೈಲೆ ಒತ್ತಿ ನೋಡ್ರಿ: ಕಿಡಕಿ ಗಾಜು, ಬಾಗಲ ಚಿಲಕ, ಅಟ್ಟದ ಮ್ಯಾಲಿನ ಸ್ಟೀಲ್ ಡಬ್ಬಿ. ಯಾವುದು ಒತ್ತಿದಾಗ ಸದ್ದು ನಿಲ್ತದೋ ಅದೇ ಕಳ್ಳ. ಚಿಲಕಕ್ಕ ಹಳೀ ಸೈಕಲ್ ಟ್ಯೂಬಿನ ತುಂಡು ಸುತ್ರಿ, ಗಾಜಿನ ಸಂದ್ಯಾಗ ರಬ್ಬರ್ ಪಟ್ಟಿ ತುರಕ್ರಿ, ಡಬ್ಬಿ ಅಡಗಿಮನಿಗೆ ಒಯ್ಯಿರಿ.