ಬಿ.ಎಸ್ಸಿ ಪಿಸಿಎಂ ನಂತರ ಎರಡು ವರ್ಷದ ಎಂಸಿಎ: ತರಗತಿ ಶುರುವಾಗುವ ಮುನ್ನ ಏನು ಕಲಿಯಬೇಕು?

ಸಿಂಧನೂರು_ಪಿಸಿಎಂ:
ಬಿ.ಎಸ್ಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿದ್ದೇನೆ. ಬಳ್ಳಾರಿಯಲ್ಲಿ ಎಂಸಿಎ (ಕಂಪ್ಯೂಟರ್ ಸ್ನಾತಕೋತ್ತರ ಪದವಿ) ಸೇರುವ ಆಸೆ. ಕೋಡಿಂಗ್ ಗಂಧಗಾಳಿ ಇಲ್ಲ, ಪಕ್ಕದಲ್ಲಿ ಕೂರುವವರು ಬಿಸಿಎ ಮಾಡಿ ಬಂದವರು. ಸಿ, ಪೈಥಾನ್, ಜಾವಾ, ಯಾವುದರಿಂದ ಶುರು ಮಾಡಲಿ? ಮನೆಯಲ್ಲಿರುವ 4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್ ಸಾಕಾ? ಕಲ್ಯಾಣ ಕರ್ನಾಟಕದ ಸ್ಥಳೀಯರ ಮೀಸಲಾತಿಗೆ ಬೇಕಾದ 371(ಜೆ) ಪ್ರಮಾಣಪತ್ರ ಯಾವಾಗ ಬೇಕಾಗುತ್ತೆ?

ತುಂಗಭದ್ರಾ_ಎಡದಂಡೆ:
ಪ್ರಮಾಣಪತ್ರದ ಕೆಲಸ ಇವತ್ತೇ ಹಿಡೀರಿ. ಪಿಜಿಸಿಇಟಿ (ಎಂಸಿಎ ಪ್ರವೇಶ ಪರೀಕ್ಷೆ) ಅರ್ಜಿ ತುಂಬುವಾಗಲೇ ಅದರ ಆರ್‌ಡಿ ಸಂಖ್ಯೆ, ಅಂದ್ರೆ ಪ್ರಮಾಣಪತ್ರದ ಮೇಲಿರೋ ಸಂಖ್ಯೆ ಕೇಳ್ತಾರೆ. ನಾಡಕಚೇರಿಯಲ್ಲಿ ಅರ್ಜಿ, ಸಹಿ ಉಪವಿಭಾಗಾಧಿಕಾರಿಯದ್ದು (ಎ.ಸಿ.). ಸಿಂಧನೂರಿನವರಿಗೆ ಅದು ಲಿಂಗಸುಗೂರು ಎ.ಸಿ. ಕಚೇರಿ. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಬೇಕು. ಇನಿಷಿಯಲ್ ಹಿಂದೆಮುಂದೆ ಆದ್ರೂ ಪರಿಶೀಲನೆಯಲ್ಲಿ ಸಿಕ್ಕಿಹಾಕಿಕೊಳ್ತೀರಿ. ನಮ್ಮ ಭಾಗದ ಕಾಲೇಜುಗಳಲ್ಲಿ ಲಭ್ಯ ಸೀಟುಗಳ ಶೇ. 70 ಸ್ಥಳೀಯರಿಗೆ ಮೀಸಲು, ಅದನ್ನ ಕೈಬಿಡಬ್ಯಾಡ್ರಿ. ಡಿಗ್ರಿಯಲ್ಲಿ ಗಣಿತ ಇದ್ದದ್ದರಿಂದ ಎಂಸಿಎಗೆ ಗಣಿತ ಓದಿರಬೇಕು ಅನ್ನೋ ಷರತ್ತಿನ ಚಿಂತೆ ನಿಮಗಿಲ್ಲ.

ಪಾಯಿಂಟರ್_ಪಾಠ:
ಸಿ ಇಂದ ಶುರು ಮಾಡಿ. ಪೈಥಾನ್ ಸುಲಭ ನಿಜ, ಆದರೆ ಡೇಟಾ ಸ್ಟ್ರಕ್ಚರ್ಸ್‌ನಲ್ಲಿ (ಮಾಹಿತಿ ಜೋಡಿಸಿಡುವ ವಿಧಾನಗಳ ವಿಷಯ) ಮೆಮೊರಿ ಕಣ್ಣಿಗೆ ಕಾಣಬೇಕು, ಪೈಥಾನ್ ಅದನ್ನು ಮುಚ್ಚಿಡುತ್ತೆ. ಅರೇ, ಫಂಕ್ಷನ್, ಪಾಯಿಂಟರ್ (ಮೆಮೊರಿಯ ವಿಳಾಸ ಇಟ್ಟುಕೊಳ್ಳುವುದು), ಸ್ಟ್ರಕ್ಚರ್, ಆಮೇಲೆ ಲಿಂಕ್ಡ್ ಲಿಸ್ಟ್. ಈ ಕ್ರಮ ತಪ್ಪಿಸಬೇಡಿ.

ಲಿಂಕ್ಡ್ ಲಿಸ್ಟನ್ನು ಮೊದಲು ಹಾಳೆಯ ಮೇಲೆ ಡಬ್ಬಿ, ಬಾಣ ಬರೆದು ಕಲಿಯಿರಿ. ಪ್ರತಿ ಡಬ್ಬಿ ಒಂದು ನೋಡ್, ಮುಂದಿನ ಡಬ್ಬಿ ತೋರಿಸುವ ಬಾಣ ನೆಕ್ಸ್ಟ್, ಮೊದಲ ಡಬ್ಬಿ ತೋರಿಸುವ ಬಾಣ ಹೆಡ್. ಮುಂದುಗಡೆ ಹೊಸ ನೋಡ್ ಸೇರಿಸೋಕೆ ಎರಡೇ ಸಾಲು: ಹೊಸ ನೋಡ್‌ನ ನೆಕ್ಸ್ಟ್‌ಗೆ ಹೆಡ್ ಕೊಡಿ, ನಂತರ ಹೆಡ್‌ಗೆ ಹೊಸ ನೋಡ್ ಕೊಡಿ. ಇವೆರಡು ಅದಲುಬದಲಾದರೆ ಹೊಸ ನೋಡ್ ತನ್ನನ್ನೇ ತೋರಿಸುತ್ತೆ, ಹಳೇ ಪಟ್ಟಿ ಕೈತಪ್ಪುತ್ತೆ, ಪ್ರಿಂಟ್ ಮಾಡಿದರೆ ಒಂದೇ ಸಂಖ್ಯೆ ನಿಲ್ಲದೆ ಬರ್ತಾ ಇರುತ್ತೆ. ಲ್ಯಾಬ್‌ನಲ್ಲಿ ಹಾಗೆ ಕಂಡರೆ ಮೊದಲು ಈ ಎರಡು ಸಾಲು ನೋಡಿ.

ಟರ್ಬೊ ಸಿ (ಹಳೇ ಸಿ ಕಂಪೈಲರ್) ಇರುವ ಲ್ಯಾಬ್ ಸಿಕ್ಕರೂ ಮನೆಯಲ್ಲಿ ಉಚಿತ ಕಂಪೈಲರ್ ಜಿಸಿಸಿ ಹಾಕಿಕೊಳ್ಳಿ. ಟರ್ಬೊದಲ್ಲಿ ಇಂಟ್ (ಪೂರ್ಣಾಂಕ ಇಡುವ ಜಾಗ) 2 ಬೈಟ್, ಮಿತಿ 32767. ಅಲ್ಲಿ 8ರ ಫ್ಯಾಕ್ಟೋರಿಯಲ್ 40320 ಬರಬೇಕಾದ ಕಡೆ -25216 ಬರುತ್ತೆ. ಲಾಜಿಕ್ ಸರಿ ಇದ್ದರೂ ಉತ್ತರ ತಪ್ಪು. ಜಿಸಿಸಿಯಲ್ಲಿ ಇಂಟ್ 4 ಬೈಟ್, 12ರವರೆಗೆ ಸರಿ, 13ಕ್ಕೆ ಅದೂ ಕೈಕೊಡುತ್ತೆ. ಎಲ್ಲಾ ವಾರ್ನಿಂಗ್ ತೋರಿಸುವ ಆಯ್ಕೆ ಹಾಕಿಯೇ ಕಂಪೈಲ್ ಮಾಡಿ.

ಟೇಬಲ್_ಕೀ:
ಡಿಬಿಎಂಎಸ್ (ಡೇಟಾಬೇಸ್ ನಿರ್ವಹಣೆಯ ವಿಷಯ) ಮರೀಬೇಡಿ. ಗಣಿತದವರಿಗೆ ಇದು ಬೇಗ ಒಲಿಯುತ್ತೆ, ಗಣ ಮತ್ತು ಸಂಬಂಧ ನೀವು ಓದಿದ್ದೇ. ನಾರ್ಮಲ್ ಫಾರ್ಮ್‌ಗಳ (ಒಂದೇ ಮಾಹಿತಿ ಮತ್ತೆ ಮತ್ತೆ ಬರದಂತೆ ಟೇಬಲ್ ಒಡೆಯುವ ನಿಯಮಗಳು) ವ್ಯಾಖ್ಯೆ ಬಾಯಿಪಾಠ ಮಾಡಿ ಉಪಯೋಗವಿಲ್ಲ. ಒಂದು ಟೇಬಲ್ ಹಿಡಿಯಿರಿ: ನೋಂದಣಿ ಸಂಖ್ಯೆ, ವಿಷಯ ಸಂಕೇತ, ವಿದ್ಯಾರ್ಥಿ ಹೆಸರು, ಅಂಕ. ಕೀ, ಅಂದರೆ ಒಂದು ಸಾಲನ್ನು ಖಚಿತವಾಗಿ ಗುರುತಿಸೋದು, ಮೊದಲೆರಡೂ ಸೇರಿ. ಅಂಕ ಎರಡನ್ನೂ ಅವಲಂಬಿಸುತ್ತೆ, ಹೆಸರು ಮಾತ್ರ ನೋಂದಣಿ ಸಂಖ್ಯೆಯೊಂದನ್ನೇ. ಕೀಯ ಒಂದು ಭಾಗವನ್ನಷ್ಟೇ ಅವಲಂಬಿಸೋದು ಇರಬಾರದು, ಅದಕ್ಕೇ ಇದು ಎರಡನೇ ನಾರ್ಮಲ್ ಫಾರ್ಮ್ ಅಲ್ಲ. ಹೆಸರನ್ನು ನೋಂದಣಿ ಸಂಖ್ಯೆಯ ಜೊತೆ ಬೇರೆ ಟೇಬಲ್‌ಗೆ ಒಯ್ದರೆ ಸರಿಹೋಯ್ತು.

ಲ್ಯಾಪ್‌ಟಾಪ್: ಸಿ ಮತ್ತು ಎಸ್‌ಕ್ಯೂಎಲ್‌ಗೆ (ಡೇಟಾಬೇಸ್ ಭಾಷೆ) 4 ಜಿಬಿ ಸಾಕು. ಹಾರ್ಡ್ ಡಿಸ್ಕ್ ಇದ್ದರೆ ತೆಗೆದು 256 ಜಿಬಿ ಎಸ್‌ಎಸ್‌ಡಿ ಹಾಕಿಸಿ, ಹಗುರವಾದ ಲಿನಕ್ಸ್ ಹಾಕಿ. ಫೋನ್ ಆ್ಯಪ್ ಮಾಡುವ ಆಂಡ್ರಾಯ್ಡ್ ಸ್ಟುಡಿಯೋಗೆ ಮಾತ್ರ ಕನಿಷ್ಠ 8 ಜಿಬಿ ಬೇಕೇ ಬೇಕು, ಎಮ್ಯುಲೇಟರ್ (ಪರದೆ ಮೇಲಿನ ನಕಲಿ ಫೋನ್) ಬದಲು ಫೋನ್ ಜೋಡಿಸಿದರೆ ಹೊರೆ ಕಮ್ಮಿ. ನಮ್ಮ ಕಡೆ ಬೇಸಿಗೆ 40 ಡಿಗ್ರಿ ದಾಟುತ್ತೆ. ಹಾಸಿಗೆ ಮೇಲೆ ಇಟ್ಟು ಕೆಲಸ ಮಾಡಿದರೆ ಗಾಳಿಕಿಂಡಿ ಮುಚ್ಚಿ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತೆ.

ಸಿಂಧನೂರು_ಪಿಸಿಎಂ:
ಧನ್ಯವಾದ. ಜಿಸಿಸಿ ಹಾಕಿದೆ. ಒಂದು ಸಮಸ್ಯೆ: ಕೀಬೋರ್ಡ್‌ನಿಂದ ಓದುವ ಸ್ಕ್ಯಾನ್‌ಎಫ್‌ನಲ್ಲಿ ಸಂಖ್ಯೆ ಓದಿದ ಮೇಲೆ ಅಕ್ಷರ ಓದೋಕೆ ಹೇಳಿದರೆ ಕಾಯದೇ ಮುಂದೆ ಹೋಗುತ್ತೆ.

ಪಾಯಿಂಟರ್_ಪಾಠ:
ಸಂಖ್ಯೆಯ ನಂತರ ಒತ್ತಿದ ಎಂಟರ್ ಬಫರ್‌ನಲ್ಲೇ (ಒತ್ತಿದ್ದು ಕಾದಿರುವ ಜಾಗ) ಉಳಿದಿದೆ, ಅದನ್ನೇ ಅಕ್ಷರ ಅಂತ ತಗೊಂಡಿದೆ. ಎರಡನೇ ಸ್ಕ್ಯಾನ್‌ಎಫ್‌ನ ಉದ್ಧರಣ ಚಿಹ್ನೆಯೊಳಗೆ, ಪರ್ಸೆಂಟ್ ಗುರುತಿನ ಮುಂಚೆ ಒಂದು ಖಾಲಿ ಜಾಗ ಬಿಡಿ.