ಅಪ್ಪನ ಸಿನಿಮಾ ಸಂಗ್ರಹ ಯಾರಿಗೆ ಕೊಡಲಿ? ಕೊಟ್ಟವರು ಅನುಭವ ಹೇಳಿ

ವಿಜಯಪುರದ ಮಗಳು:
ಅಪ್ಪ ಇಲ್ಲಿನ ಒಂದು ಟಾಕೀಸಿನಲ್ಲಿ ಮ್ಯಾನೇಜರ್ ಆಗಿದ್ದರು. ಪೋಸ್ಟರ್, ಹಾಡಿನ ಪುಸ್ತಕ, ಇಂಟರ್ವಲ್‌ನಲ್ಲಿ ಬಿಡುತ್ತಿದ್ದ ಜಾಹೀರಾತಿನ ಗಾಜಿನ ಸ್ಲೈಡು, 78 ಆರ್‌ಪಿಎಂ ಗ್ರಾಮಫೋನ್ ಪ್ಲೇಟು, ಒಂದೆರಡು ಡಬ್ಬಿ ರೀಲು, ಎಲ್ಲ ಜೀವನಪೂರ್ತಿ ಕೂಡಿಟ್ಟಿದ್ದು. ಮಾರಬಾರದು, ಜನ ಬಂದು ನೋಡುವಂತಿರಬೇಕು, ಆದಷ್ಟು ಊರಲ್ಲೇ ಇರಬೇಕು ಅನ್ನುತ್ತಾರೆ. ಗೋಳಗುಮ್ಮಟದ ಮ್ಯೂಸಿಯಂ ಪುರಾತತ್ವ ಇಲಾಖೆಯದು, ಅಲ್ಲಿ ಇದಕ್ಕೆಲ್ಲಿ ಜಾಗ? ಏನು ಮಾಡಲಿ?

ಬೆಳಗಾವಿ ಕ್ಯಾಂಪ್:
ಕಾಲೇಜಿಗೆ ಮಾತ್ರ ಕೊಡಬೇಡ ತಂಗಿ. ನಾನು ಕೊಟ್ಟೆ, ಹೆಸರು ಹೇಳಲ್ಲ. ಹಾರ, ಶಾಲು, ಫೋಟೋ ಎಲ್ಲ ಆಯಿತು. ರೂಮು ಅವರದು, ಖರ್ಚು ನನ್ನದು. ಗಾಜಿನ ಕಪಾಟು ನಾಲ್ಕು, ಒಂದಕ್ಕೆ 18,500. ಅದರಲ್ಲಿ ಒಂದರ ಗಾಜು ಮೆಟ್ಟಿಲು ಹತ್ತಿಸುವಾಗಲೇ ಒಡೆಯಿತು, ಮತ್ತೆ 2,200. ಫ್ರೇಮಿಗೆ ತಲಾ 650. ಟ್ಯೂಬ್‌ಲೈಟು, ವೈರಿಂಗು, ಎಲೆಕ್ಟ್ರಿಷಿಯನ್ ಚಹಾ ಸೇರಿ 7,400. ಪ್ರಿನ್ಸಿಪಾಲರು ಒಳ್ಳೆಯವರು, ರಿಟೈರ್ ಆದರು. ಹೊಸಬರು ಬಂದು, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಕಮಿಟಿ ಬರುತ್ತದೆ ಅಂತ ರೂಮು ಖಾಲಿ ಮಾಡಿಸಿ ಕಂಪ್ಯೂಟರ್ ಇಟ್ಟರು. ಈಗ ನನ್ನ ಪೋಸ್ಟರೆಲ್ಲ ಮೆಟ್ಟಿಲ ಕೆಳಗೆ, ಮುರಿದ ಬೆಂಚು, ಫಿನಾಯಿಲ್ ಕ್ಯಾನಿನ ಪಕ್ಕ. ವಾಪಸ್ ಕೊಡಿ ಅಂದರೆ, ಕಾಲೇಜಿನ ಸಾಮಾನು ಬರೆದಿಡುವ ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರಿದೆ, ಕಮಿಟಿ ಒಪ್ಪಬೇಕು ಅಂತಾರೆ. ಟ್ಯಾಕ್ಸ್ ಉಳಿಯುತ್ತದೆ ಅಂತ ಯಾರೋ ಹೇಳಿದ್ದರು, ನಮ್ಮ ಸಿಎ ನಕ್ಕುಬಿಟ್ಟರು. ದಾನಕ್ಕೆ ಸಿಗುವ 80ಜಿ ತೆರಿಗೆ ರಿಯಾಯಿತಿ ಹಣ ಕೊಟ್ಟರೆ ಮಾತ್ರವಂತೆ, ಸಾಮಾನು ಕೊಟ್ಟರೆ ಒಂದು ಪೈಸೆ ಇಲ್ಲ.

ನಿಪ್ಪಾಣಿಯವ:
ಕಾಲೇಜಿನ ಕಥೆ ಯಾವಾಗಲೂ ಇಷ್ಟೇ. ನಾನು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಕೊಟ್ಟೆ. 1964ರಲ್ಲಿ ಶುರುವಾದದ್ದು, ಪಿ.ಕೆ. ನಾಯರ್ ಕಟ್ಟಿ ಬೆಳೆಸಿದ್ದು. ಪೋಸ್ಟರ್, ಹಾಡಿನ ಪುಸ್ತಕ, ಸ್ಟಿಲ್ಲು, ಪ್ಲೇಟು ಎಲ್ಲ ಇಡುತ್ತಾರೆ. ಮೊದಲು ಪಟ್ಟಿ ಕಳಿಸಬೇಕು: ಚಿತ್ರದ ಹೆಸರು, ವರ್ಷ, ಭಾಷೆ, ಅಳತೆ, ಹರಿದಿದೆಯಾ ಇಲ್ಲವಾ. ಪಟ್ಟಿ ಮಾಡುವುದರಲ್ಲೇ ನನ್ನ ಕಣ್ಣು ಹೋಯಿತು. ಪೋಸ್ಟರನ್ನು ಪಿವಿಸಿ ಪೈಪಿನಲ್ಲಿ ಸುತ್ತಿ ಒಯ್ದೆ. ಪೈಪಿಗೆ 3,100, ಟೆಂಪೋಗೆ 11,000, ಟೋಲ್ ಬೇರೆ, ಸಾತಾರ ದಾಟಿದ ಮೇಲೆ ಟೈರ್ ಪಂಕ್ಚರು. ಆದರೆ ಒಂದು ಮಾತು, ಅಲ್ಲಿ ಕೊಟ್ಟದ್ದು ಗೋಡೆಗೆ ತೂಗಾಡುವುದಿಲ್ಲ. ಭದ್ರವಾಗಿ ಒಳಗಿರುತ್ತದೆ, ಬೇಕಾದವರು ಕೇಳಿ ನೋಡುತ್ತಾರೆ. ನನಗೆ ಅಷ್ಟು ಸಾಕು.

ನವನಗರ, ಬಾಗಲಕೋಟೆ:
ಕನ್ನಡ ಪೋಸ್ಟರ್ ಪುಣೆಗೆ ಒಯ್ದು ಕೊಟ್ಟು ಅದನ್ನೇ ದೊಡ್ಡಸ್ತಿಕೆ ಅಂತ ಹೇಳಿಕೊಳ್ಳುತ್ತಿದ್ದೀರಲ್ಲ! ನಮ್ಮದು ಹಳೇ ಬಾಗಲಕೋಟೆ ಮನೆ. ಆಲಮಟ್ಟಿ ಹಿನ್ನೀರಿಗೆ ಮನೆ ಹೋಯಿತು, ಬಾಗಿಲು ಚೌಕಟ್ಟು ಕಿತ್ತುಕೊಂಡು ಬಂದವರು ನಾವು. ಎಲ್ಲಕ್ಕಿಂತ ಮೊದಲು ಟ್ರ್ಯಾಕ್ಟರಿಗೆ ಏರಿದ್ದು ನನ್ನ ಪೋಸ್ಟರ್ ಟ್ರಂಕು, ಆಮೇಲೆ ಜೋಳದ ಚೀಲ. ಹೆಂಡತಿ ಇವತ್ತಿಗೂ ಅದನ್ನು ಎತ್ತಿ ಆಡುತ್ತಾಳೆ. ನವನಗರದಲ್ಲಿ ಮಾಳಿಗೆ ಮೇಲೆ ಒಂದು ರೂಮೇ ಕಟ್ಟಿಸಿದೆ, 3 ಲಕ್ಷ 40 ಸಾವಿರ. ಸ್ಲ್ಯಾಬು ಸೋರಿತು, ವಾಟರ್‌ಪ್ರೂಫಿಂಗಿಗೆ 26,000, ಆದರೂ ಸೋರಿತು, ಕೊನೆಗೆ ಮೇಲೆ ತಗಡು ಹೊದಿಸಿದೆ, 41,000. ಅದಕ್ಕೇ ಎಲ್ಲವನ್ನೂ ಲ್ಯಾಮಿನೇಷನ್ ಮಾಡಿಸಿಬಿಟ್ಟೆ. ಭಾನುವಾರ ಯಾರು ಬೇಕಾದರೂ ಬರಲಿ, ನೋಡಲಿ. ಯಾರ ಕಮಿಟಿಯೂ ಬೇಡ.

ಬೈಂಡರ್, ಅಥಣಿ:
ಲ್ಯಾಮಿನೇಷನ್?! ಅಣ್ಣಾರ, ಹಳೇ ಕಾಗದಕ್ಕೆ ಬಿಸಿ ಅಂಟು ಹಾಕಿದರೆ ಮುಗಿಯಿತು. ಬಿಡಿಸಲು ಬರುವುದಿಲ್ಲ, ಒಳಗೊಳಗೇ ಕಂದು ತಿರುಗುತ್ತದೆ. ಸೆಲೋಟೇಪೂ ಹಾಗೇ. ನನ್ನ ಹತ್ತಿರ ತರುವ ಪೋಸ್ಟರುಗಳಲ್ಲಿ ಮಡಿಕೆ ಬಿದ್ದಲ್ಲೆಲ್ಲ ಟೇಪಿನ ಹಳದಿ ಪಟ್ಟಿ. ಟೇಪು ಉದುರಿ ಹೋಗಿರುತ್ತದೆ, ಅಂಟು ಮಾತ್ರ ಕಾಗದದೊಳಗೆ ಇಳಿದು ಕೂತಿರುತ್ತದೆ. ತೆಳು ಕಾಗದ, ಮೈದಾ ಅಂಟು, ಸ್ವಲ್ಪ ತಾಳ್ಮೆ, ಇಷ್ಟೇ ಬೇಕಾದ್ದು. ಅಂಟಿಗೆ ಮೈಲುತುತ್ತು ಬೇಡ, ಬಣ್ಣ ಕೆಡುತ್ತದೆ.

ನವನಗರ, ಬಾಗಲಕೋಟೆ:
ಮೈದಾ ಹಾಕಿ ಗೆದ್ದಲು, ಜಿರಲೆಗೆ ಊಟ ಹಾಕಿ. ನನ್ನ ಪೋಸ್ಟರ್ ಇವತ್ತಿಗೂ ಥಳಥಳ ಅಂತಿವೆ. ನೋಡದೆ ಮಾತಾಡಬೇಡಿ.

ನಿಪ್ಪಾಣಿಯವ:
ಪುಣೆ ಅಂದ ಕೂಡಲೇ ಉರಿಯುವವರಿಗೆ ಒಂದು ಮಾತು. ಕನ್ನಡದ ಮೊದಲ ಟಾಕಿ 1934ರ ‘ಸತಿ ಸುಲೋಚನ’ ತಯಾರಾದದ್ದು ಕೊಲ್ಲಾಪುರದ ಛತ್ರಪತಿ ಸಿನಿಟೋನ್‌ನಲ್ಲಿ. ನಿಮ್ಮ ಅಭಿಮಾನ ಅಲ್ಲಿಗೂ ಹೋಗಿ ಬರಲಿ.

ನವನಗರ, ಬಾಗಲಕೋಟೆ:
ಆಮೇಲೆ? ಅದರ ಒಂದು ಪ್ರಿಂಟಾದರೂ ಉಳಿದಿದೆಯಾ?

ನಿಪ್ಪಾಣಿಯವ:
ಇಲ್ಲ. ಅದನ್ನೇ ಹೇಳುತ್ತಿದ್ದೇನೆ. ಆಗ ಇಂಥ ಸಂಗ್ರಹಾಲಯವೇ ಇರಲಿಲ್ಲ.

ಬೀಳಗಿ ಹುಡುಗ:
ಅಮೀರ್‌ಬಾಯಿ ಕರ್ನಾಟಕಿ ನಮ್ಮ ಬೀಳಗಿಯವರು. 1943ರ ಹಿಂದಿ ಚಿತ್ರ ‘ಕಿಸ್ಮತ್’ನಲ್ಲಿ ಹಾಡಿದವರು. ಅಕ್ಕಾ, ಅವರ ಪ್ಲೇಟು ಡಬಲ್ ಇದ್ದರೆ ಹೇಳಿ, ರೇಟು ಕೂತು ಮಾತಾಡೋಣ.

ಬೆಳಗಾವಿ ಕ್ಯಾಂಪ್:
ಮಾರುವುದಿಲ್ಲ ಅಂತ ಮೊದಲನೇ ಸಾಲಿನಲ್ಲೇ ಬರೆದಿದ್ದಾಳಲ್ಲೋ ತಮ್ಮಾ. ಓದಿ ಆಮೇಲೆ ಬಾ.

ಬೀಳಗಿ ಹುಡುಗ:
ಮೊದಲನೇ ಸಾಲಲ್ಲ, ಮೂರನೇ ಸಾಲು. ಕೇಳಿದರೆ ತಪ್ಪೇನು? ನೀವು ಕಾಲೇಜಿಗೆ ಕೊಟ್ಟು ಮೆಟ್ಟಿಲ ಕೆಳಗೆ ಹಾಕಿಸುವ ಬದಲು ನನಗೆ ಕೊಟ್ಟಿದ್ದರೆ ದಿನಾ ಕೇಳುತ್ತಿದ್ದೆ.

ವಿಜಯಪುರದ ಮಗಳು:
ದಯವಿಟ್ಟು ಜಗಳ ಬೇಡ. ರೀಲಿನ ಡಬ್ಬಿ ತೆರೆದರೆ ಹುಳಿ ವಾಸನೆ ಹೊಡೆಯುತ್ತದೆ, ಅದೇನು? ಸ್ಲೈಡಿನ ಬಗ್ಗೆಯಂತೂ ಯಾರೂ ಹೇಳಲೇ ಇಲ್ಲ.

ನಿಪ್ಪಾಣಿಯವ:
ಹುಳಿ ವಾಸನೆ ಬಂದರೆ ಅಸಿಟೇಟ್ ಫಿಲ್ಮು ಕೊಳೆಯುತ್ತಿದೆ ಅಂತ ಅರ್ಥ. ಬೇರೆ ರೀಲಿನ ಜೊತೆ ಇಡಬೇಡಿ, ಅದಕ್ಕೂ ಹತ್ತುತ್ತದೆ. 1950ಕ್ಕಿಂತ ಹಿಂದಿನ ರೀಲಾದರೆ ನೈಟ್ರೇಟ್ ಫಿಲ್ಮು ಇರಬಹುದು, ಅದು ಬೆಂಕಿಯ ಮಾಲು. ಅಡುಗೆ ಮನೆ ಮೇಲಿನ ಅಟ್ಟದಲ್ಲಿದ್ದರೆ ಇವತ್ತೇ ಇಳಿಸಿ. 2003ರಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಆವರಣದಲ್ಲೇ ನೈಟ್ರೇಟ್ ಇಟ್ಟಿದ್ದ ಕೋಣೆ ಸುಟ್ಟಿತು.

ನವನಗರ, ಬಾಗಲಕೋಟೆ:
ನೋಡಿದ್ರಾ? ಪುಣೆಯಲ್ಲೇ ಸುಟ್ಟಿತು!

ಗೋಕಾಕದ ಆಪರೇಟರ್:
ನಾನು ಪ್ರೊಜೆಕ್ಟರ್ ನಡೆಸಿದವನು. ಪೋಸ್ಟರ್ ಸಾವಿರಗಟ್ಟಲೆ ಅಚ್ಚಾಗುತ್ತಿತ್ತು, ಇಲ್ಲಿ ಹೋದರೆ ಇನ್ನೆಲ್ಲೋ ಒಂದು ಪ್ರತಿ ಇರುತ್ತದೆ. ಸ್ಲೈಡು ಹಾಗಲ್ಲ. ಊರಿನ ಬಟ್ಟೆ ಅಂಗಡಿ, ಖಾನಾವಳಿ, ಸೋಡಾ ಫ್ಯಾಕ್ಟರಿ, ಎಲ್ಲ ಕೈಯಲ್ಲಿ ಬರೆಸಿದ್ದು, ಒಂದೇ ಒಂದು. ನಮ್ಮ ಮಾಲೀಕರು ಟಾಕೀಸು ಒಡೆಯುವಾಗ ಬುಟ್ಟಿಗಟ್ಟಲೆ ಸ್ಲೈಡು ತಿಪ್ಪೆಗೆ ಸುರಿದರು, ನನಗೆ ಸಿಕ್ಕಿದ್ದು ಮೂರು. ಪೋಸ್ಟರ್ ಪುಣೆಗಾದರೂ ಕೊಡು ತಂಗಿ, ಬೆಂಗಳೂರಿಗಾದರೂ ಕೊಡು. ಸ್ಲೈಡು ಮಾತ್ರ ವಿಜಯಪುರ ಬಿಡಬಾರದು. ಅಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಂದೊಂದೇ ಬೆಳಕಿಗೆ ಹಿಡಿ, ಯಾವ ಅಂಗಡಿ, ಎಲ್ಲಿತ್ತು, ಯಾರದು ಅಂತ ಬರೆದುಕೋ. ಅದು ಈಗಲೇ ಆಗಬೇಕು.

ನವನಗರ, ಬಾಗಲಕೋಟೆ:
ಊರಲ್ಲೇ ಇರಬೇಕು ಅಂತ ನಾನೂ ಅದನ್ನೇ ಹೇಳಿದ್ದು.

ಬೈಂಡರ್, ಅಥಣಿ:
ನೀವು ಹೇಳಿದ್ದು ಲ್ಯಾಮಿನೇಷನ್.